ಅರದಲ್ಲಿ ಉಜ್ಜಿದ ಪ್ಲಗ್

ಶೆಟ್ಟಿಕೊಪ್ಪ
ಮಾರ್ಚ್ ೨೦೦೬

ಅಪ್ಪಾ,

ತೀರ್ಥರೂಪ ಅಂತ ಬರೆದು ಹೊಡೆದುಹಾಕಿದೆ. ಈ ಸಲ ಬರೀ ಅಪ್ಪ ಸಾಕು.

ಸೀತಕ್ಕನ ಸಾವಿಗೆ ಮಾತಾಡಿಸಲು ಬಂದವರು ನೀವು, ಊರವರೆಲ್ಲ ಕೇಳುವ ಹಾಗೆ ಏನಂದಿರಿ? "ಎಂತ ಮಾಡೋದು ಮಾರಾಯ್ರೇ, ನಮ್ಮ ಅಳಿಯಂಗೆ ಗಾಡಿ ನೋಡ್ಕಳಕ್ಕೆ ಬರಲ್ಲ." ಕಾಂತೇಶ್ ಅಲ್ಲೇ ನಿಂತಿದ್ದರು. ತಲೆ ಎತ್ತಲಿಲ್ಲ. ತಮ್ಮದೇ ತಪ್ಪು ಅಂತ ಅವರೂ ನಂಬಿಬಿಟ್ಟಿದ್ದರು. ನಿಜ ಗೊತ್ತಿದ್ದವರು ಅಲ್ಲಿ ನೀವೊಬ್ಬರೇ.

ಪಕ್ಕದ ಮನೆಯ ಸೀತಕ್ಕ ನನ್ನ ಬಾಣಂತನ ಮಾಡಿದವಳು. ಗುಡ್ಡದಲ್ಲಿ ಒಣಗಿ ಉದುರಿದ ದರಗೆಲೆ ಗುಡಿಸುವಾಗ ಅವಳಿಗೆ ನಾಗರಹಾವು ಕಚ್ಚಿತು. ಅವಳನ್ನೂ ಗಂಡ ಸೋಮಶೇಖರಪ್ಪನವರನ್ನೂ ನಮ್ಮ ಓಮ್ನಿಗೆ ಹತ್ತಿಸಿಕೊಂಡು ಕೊಪ್ಪದ ಆಸ್ಪತ್ರೆಗೆ ಹೊರಟೆವು. ಕಾಂತೇಶ್ ಓಡಿಸುತ್ತಿದ್ದರು, ಅವಳ ತಲೆ ನನ್ನ ತೊಡೆಯ ಮೇಲಿತ್ತು. ಏರಿನಲ್ಲಿ ಎಂಜಿನ್ ಕಟಕಟ ಅಂತ ಬಡಿದುಕೊಂಡು ನಿಂತೇಹೋಯಿತು. "ಮೇಘನಾ, ಗಾಡಿ ಯಾಕೆ ನಿಂತಿತೇ?" ಅಂದದ್ದೇ ಕೊನೆಯ ಮಾತು. ಬಸ್ಸೊಂದು ಬರುವ ಹೊತ್ತಿಗೆ ಅವಳಿಗೆ ರೆಪ್ಪೆ ಎತ್ತಲಾಗುತ್ತಿರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು.

ಕೊಪ್ಪದ ಮೆಕ್ಯಾನಿಕ್ ಮಂಜಪ್ಪ ಎಂಜಿನ್ ಬಿಚ್ಚಿದಾಗ ನಾನೂ ಇದ್ದೆ. ಒಂದು ಸ್ಪಾರ್ಕ್ ಪ್ಲಗ್ಗಿನ ತುದಿಯ ಬಾಗಿದ ಕಡ್ಡಿ ಬುಡದಲ್ಲೇ ಮುರಿದು, ಒಳಗೆ ಬಿದ್ದು, ಪಿಸ್ಟನ್ ಹಾಳುಮಾಡಿತ್ತು. ಉಳಿದವುಗಳ ತುದಿಯಲ್ಲಿ ಅರದಲ್ಲಿ ಉಜ್ಜಿದ ಗೆರೆಗಳಿದ್ದವು. ಎಲೆಕ್ಟ್ರೋಡಿನ ಅಂಚು ಚೂಪಿದ್ದರೆ ಕಿಡಿ ಸಲೀಸಾಗಿ ಹಾರುತ್ತದೆ, ಸವೆದು ದುಂಡಗಾದರೆ ತಡವರಿಸುತ್ತದೆ ಅಂತ ಅಂಗಡಿಯ ಕೌಂಟರ್ ಮೇಲೆ ಕೂರಿಸಿಕೊಂಡು ನನಗೆ ಕಲಿಸಿದವರು ನೀವೇ ಅಲ್ಲವೇ? ಸವೆದ ಹಳೆ ಪ್ಲಗ್ಗುಗಳನ್ನು ಉಜ್ಜಿ ಚೂಪು ಮಾಡಿದ್ದೀರಿ. ಕಿಡಿ ಹಾರುವ ಸಂದು ಅಗಲವಾಗಿದ್ದನ್ನು ಕಿರಿದು ಮಾಡಲು ಆ ಕಡ್ಡಿಯನ್ನು ಮತ್ತೆ ಬಗ್ಗಿಸಿದ್ದೀರಿ. ಬಿರುಕು ಬಿಡದೆ ಏನು ಮಾಡೀತು? ಅವು ಬಾಳಗಡಿಯ ನಿಮ್ಮ ಗಾಡಿ ಸಾಮಾನಿನ ಅಂಗಡಿಯಿಂದ ಹೊಸ ಡಬ್ಬಿಯಲ್ಲೇ ಬಂದವು. "ಮಾವ ಕೊಟ್ಟಿದ್ದು, ನೋಡೋದೇ ಬೇಡ" ಅಂದಿದ್ದರು ಕಾಂತೇಶ್.

ಅಂಗಡಿಗೆ ಬಂದು ಆ ಪ್ಲಗ್ ನಿಮ್ಮ ಮುಂದಿಟ್ಟಾಗ ನೀವು ನೋಡಿದ್ದು ಬಾಗಿಲ ಕಡೆಗೆ, ಗಿರಾಕಿ ಬಂದರೇನೋ ಅಂತ. "ಇದೆಲ್ಲ ಎಲ್ಲಾ ಕಡೆ ನಡಿಯತ್ತೆ ಮಗಾ. ಹಾವು ಕಚ್ಚಿದ್ರೆ ನಾನೇನು ಮಾಡ್ಲಿ? ಮನೆ ಮರ್ಯಾದೆ ನೋಡು." ಹಳೆಯದನ್ನು ಹಳೆಯದು ಅಂತಲೇ ಮಾರಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಯಾರ ಮನೆಯ ಮರ್ಯಾದೆ ಅಪ್ಪಾ? ಸೋಮಶೇಖರಪ್ಪನವರ ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ನನ್ನ ಗಂಡ ಸ್ಟಿಯರಿಂಗ್ ಮುಟ್ಟಲು ಹೆದರುತ್ತಾರೆ. ನಿಮ್ಮದೊಂದೇ ಮನೆಯೇ?

ನಿನ್ನೆ ಕಾಂತೇಶರ ಎದುರಿಗೇ ಸೋಮಶೇಖರಪ್ಪನವರಿಗೆ ಎಲ್ಲ ಹೇಳಿದೆ. ನನ್ನನ್ನು ಬೈದು ಹೊರಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಬಂದು ಕಾಂತೇಶರ ಕೈ ಹಿಡಿದುಕೊಂಡರು. "ನಿನ್ನ ಮುಖ ನೋಡಬಾರದು ಅಂತ ಇದ್ದೆನಲ್ಲೋ ತಮ್ಮಾ" ಅಂದರು. ಇಬ್ಬರೂ ಬಿಕ್ಕಿಬಿಕ್ಕಿ ಅತ್ತರು. ಅದನ್ನು ನೀವು ನೋಡಬೇಕಿತ್ತು.

ಇವತ್ತು ಮೂವರೂ ಹೋಗಿ ಪೊಲೀಸರಿಗೆ ಪ್ಲಗ್ ಕೊಟ್ಟು ಬಂದೆವು. ದೂರಿಗೆ ಮೊದಲು ಸಹಿ ಹಾಕಿದವಳು ನಾನು. ಪೊಲೀಸರು ಬಂದು ಕೇಳಿದಾಗ ನೀವು ಅಳಿಯನ ಹೆಸರೆತ್ತಿದರೆ, ಎದುರಿಗೆ ಬಂದು ನಿಲ್ಲುವವಳೂ ನಾನೇ.

ನಮಸ್ಕಾರ ಬರೆಯಲು ಕೈ ಏಳುತ್ತಿಲ್ಲ. ಬಿಪಿ ಮಾತ್ರೆ ತಪ್ಪಿಸಬೇಡಿ. ನಿಜ ಒಪ್ಪಿಕೊಳ್ಳುವ ತನಕವಾದರೂ ಗಟ್ಟಿಯಾಗಿರಿ.

ಈಗಲೂ ನಿಮ್ಮ ಮಗಳೇ,
ಮೇಘನ