ಪೆಟ್ಟಿಗೆಯ ಕಿವಿಗಳು

ಅಕ್ಕ,

ನಮ್ಮಿಬ್ಬರ ನಡುವೆ ಪತ್ರ ಬರೆಯುವ ರೂಢಿ ಯಾವತ್ತೂ ಇರಲಿಲ್ಲ. ಭಾನುವಾರ ಹನ್ನೊಂದಕ್ಕೆ ನಿನ್ನ ಫೋನ್ ಬರುತ್ತದೆ. ಊಟ ಆಯ್ತಾ, ಮಂಡಿನೋವು ಹೇಗಿದೆ, ಮನೆ ಮಾಲೀಕರು ನೀರು ಸರಿಯಾಗಿ ಬಿಡುತ್ತಾರಾ ಎಂದು ಹತ್ತು ನಿಮಿಷ ಮಾತಾಡಿ ಇಡುತ್ತೇವೆ. ಹಾಗಿರುವಾಗ ಈ ಲಕೋಟೆ ನೋಡಿ ನಿನ್ನ ಎದೆ ಧಸಕ್ಕೆಂದಿರಬೇಕು. ಹೆದರಬೇಡ, ನನಗೇನೂ ಆಗಿಲ್ಲ. ನಿನಗೆ ಹೇಳಬೇಕಾದ ಒಂದು ಮಾತಿದೆ, ಅದು ಫೋನಿನಲ್ಲಿ ಬಾಯಿಗೆ ಬರುವುದಿಲ್ಲ. ಕಳೆದ ಮೂರು ಭಾನುವಾರವೂ ಪ್ರಯತ್ನಿಸಿದೆ. ಮೂರು ಸಲವೂ ಬಿಸಿಲಿನ ವಿಚಾರ ಮಾತಾಡಿ ಇಟ್ಟೆ. ಈಗಲೂ ಸುತ್ತಿ ಬಳಸಿಯೇ ಬರುತ್ತೇನೆ, ಸ್ವಲ್ಪ ತಾಳು. ನೇರವಾಗಿ ಹೇಳುವ ಧೈರ್ಯ ನನಗಿದ್ದಿದ್ದರೆ ಇದಕ್ಕೆ ಮೂವತ್ತೆರಡು ವರ್ಷ ಬೇಕಾಗುತ್ತಿರಲಿಲ್ಲ.

ಮೊದಲು ಸುದ್ದಿ ಕೇಳು. ನಾನೊಂದು ಸಿಂಥಸೈಜರ್ ಕೊಂಡಿದ್ದೇನೆ. ನಿನ್ನ ಹಳೆಯ ಪೆಟ್ಟಿಗೆಯ ಜಾತಿಯದೇ, ನಾಬ್ ತಿರುಗಿಸಿ ಕರೆಂಟಿನಿಂದ ಸದ್ದು ಹುಟ್ಟಿಸುವ ಅನಲಾಗ್. ನಗುವುದಾದರೆ ನಗು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ನನಗೆ ನಲವತ್ತಮೂರಕ್ಕೇ ಬಂತು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ, ಗಾಜನ್ನು ಫ್ರೇಮಿನ ಅಳತೆಗೆ ತೇಯುತ್ತ ಇಪ್ಪತ್ತು ವರ್ಷ ಕಳೆದವಳಿಗೆ ಸಂಗೀತದ ಗಂಧಗಾಳಿ ಇಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಜೊತೆ ಕೆಲಸ ಮಾಡುವವಳು, ಫೋನಿನಲ್ಲೇ ಪುಕ್ಕಟೆ ಸಿಗುತ್ತದಲ್ಲ, ಬೆರಳಾಡಿಸಿದರೆ ಆಯಿತು ಎಂದಳು. ನನಗೆ ಬೇಕಾದದ್ದು ಬೆರಳಾಡಿಸುವುದಲ್ಲ, ತಿರುಗಿಸುವುದು ಎಂದು ಅವಳಿಗೆ ಹೇಗೆ ಹೇಳಲಿ.

ವಾದ್ಯದ ಅಂಗಡಿಗೆ ಒಂದು ಮಂಗಳವಾರ ಮಧ್ಯಾಹ್ನ ಹೋದೆ. ಒಳಗೆ ಹೋಗುವ ಮೊದಲು ಎದುರಿನ ಫುಟ್‌ಪಾತ್‌ನಲ್ಲಿ ಎರಡು ಸಲ ಆ ತುದಿಯಿಂದ ಈ ತುದಿಗೆ ನಡೆದೆ. ಅಂಗಡಿಯಾಕೆ ನಿನ್ನ ವಯಸ್ಸಿನವಳು, ಕತ್ತಿನಲ್ಲಿ ಹೆಡ್‌ಫೋನ್, ಮೂಗಿನ ಮೇಲೆ ಜಾರುವ ಕನ್ನಡಕ. ಆ ಕನ್ನಡಕವನ್ನು ಸರಿ ಮಾಡಿಕೊಡಬೇಕೆಂದು ನನ್ನ ಕೈ ತುರಿಸುತ್ತಿತ್ತು. ಯಾರಿಗೆ ಬೇಕು ಎಂದು ಕೇಳಿದಳು. ನಾಚಿಕೆಗೆ, ಮಗಳಿಗೆ ಎಂದುಬಿಟ್ಟೆ. ಮಗಳ ವಯಸ್ಸೆಷ್ಟು ಎಂದಳು. ನನ್ನ ಬಾಯಿ ತನ್ನಷ್ಟಕ್ಕೆ ನಲವತ್ತಮೂರು ಎಂದಿತು. ಪುಣ್ಯಾತ್ಗಿತ್ತಿ ನಗಲಿಲ್ಲ. ಕೂತ್ಕೊಳ್ಳಿ ಎಂದು ಒಂದು ಸ್ಟೂಲ್ ಎಳೆದಳು.

ಮೂರು ವಾದ್ಯ ಮುಂದಿಟ್ಟಳು. ಮೊದಲನೆಯದು ಅಂಗೈಯಷ್ಟಗಲ, ಬ್ಯಾಟರಿಯಲ್ಲಿ ನಡೆಯುವುದು, ಎಲ್ಲಕ್ಕಿಂತ ಅಗ್ಗ. ಆದರೆ ಒಂದು ಸ್ವರ ಒತ್ತಲು ಹೋದರೆ ಪಕ್ಕದ ಎರಡು ಸ್ವರ ಎದ್ದು ಬರುತ್ತಿದ್ದವು. ಮೂರನೆಯದು ಸ್ಕ್ರೀನ್ ಇದ್ದದ್ದು, ಒಟ್ಟಿಗೆ ನಾಲ್ಕು ಸ್ವರ ಹಿಡಿಯುವಂಥದ್ದು, ನೂರು ಬಗೆಯ ಸದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವಂಥದ್ದು. ನಡುವಿನದಕ್ಕೆ ಎರಡು ಡಜನ್ ಸಣ್ಣ ಕೀಲಿಗಳು, ಒಂದು ಸಲಕ್ಕೆ ಒಂದೇ ಸ್ವರ, ಮುಖದ ತುಂಬ ನಾಬ್‌ಗಳು. ಇದು ನೋಡಿ, ಅದು ನೋಡಿ ಎಂದು ಒಂದಾದ ಮೇಲೊಂದು ನುಡಿಸಿ, ಯಾವುದು ಹಿತ ಎಂದು ಕೇಳುತ್ತ ಹೋದಳು. ನಾನು ದಿನಾ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತ ಕೇಳುವ ಪ್ರಶ್ನೆಯೇ ಅದು. ಉತ್ತರ ಹೇಳಬೇಕಾದವರಿಗೆ ಎಷ್ಟು ತಳಮಳ ಆಗುತ್ತದೆ ಎಂದು ಅವತ್ತು ಗೊತ್ತಾಯಿತು.

ಕಲಿಯುವವರಿಗೆ ಒಂದು ನಾಬಿಗೆ ಒಂದೇ ಕೆಲಸ ಇರಬೇಕು, ಸ್ಕ್ರೀನ್ ಒಳಗೆ ಹುಡುಕುತ್ತ ಕೂತರೆ ಕಿವಿ ಬೆಳೆಯುವುದಿಲ್ಲ ಎಂಬುದು ಅವಳ ವಾದ. ಹಾಗಾಗಿ ನಡುವಿನದೇ ಸರಿ, ಬೆಲೆಯೂ ಕೈಗೆಟುಕುತ್ತದೆ ಎಂದಳು. ಆಮೇಲೆ ಅದರ ಮೇಲಿನ ಧೂಳನ್ನು ಊದುತ್ತ ಹೇಳಿದಳು: "ಒಂದೇ ತೊಂದ್ರೆ. ಇದ್ರಲ್ಲಿ ಮೆಮೊರಿ ಇಲ್ಲ. ನಾಬ್‌ಗಳು ಎಲ್ಲಿ ನಿಂತಿದಾವೋ ಅದೇ ನಿಮ್ಮ ಸದ್ದು. ಧೂಳು ಒರ್ಸೋಕೆ ಮಾತ್ರ ಯಾರ್ಗೂ ಬಿಡ್ಬೇಡಿ. ಒರ್ಸಿದ್ರೆ ಹೋಯ್ತು, ಮತ್ತೆ ಸಿಗಲ್ಲ."

ನಾನು ಸ್ಟೂಲ್ ಹಿಡಿದುಕೊಂಡು ಕೂತೆ. ನೀರು ಬೇಕಾ ಎಂದು ಕೇಳಿದಳು. ಬೇಡ ಎಂದೆ.

ಅಕ್ಕ, ಈಗ ಹೇಳುತ್ತೇನೆ.

ನಮ್ಮ ಆ ಎರಡು ಕೋಣೆಯ ಮನೆ ನೆನಪಿದೆಯಲ್ಲ. ಅಮ್ಮ ಹೋದಾಗ ನನಗೆ ಮೂರು, ನಿನಗೆ ಹನ್ನೆರಡು. ಅಪ್ಪನಿಗೆ ನೀರಿನ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ನೀನು ಪಾಠ ಹೇಳಿಕೊಟ್ಟು ಬಂದ ದುಡ್ಡಿನಲ್ಲಿ, ಮುಚ್ಚಿಹೋದ ಒಂದು ಆರ್ಕೆಸ್ಟ್ರಾದವರಿಂದ ಆ ಪೆಟ್ಟಿಗೆ ತಂದಾಗ ನಿನಗೆ ಹತ್ತೊಂಬತ್ತು. ಅಂದಿನಿಂದ ಮನೆಯಲ್ಲಿ ಹಗಲೆಲ್ಲ ಗುಂಯ್ ಗುಂಯ್. ಅಪ್ಪ ದಿಂಬನ್ನು ಕಿವಿಗೆ ಒತ್ತಿಕೊಂಡು, ಒಂದಿನ ಅದ್ರ ಕಿವಿ ಹಿಂಡ್ತೀನಿ ನೋಡು ಎಂದು ಗದರುತ್ತಿದ್ದ. ನಾಬ್‌ಗಳಿಗೆ ನಮ್ಮ ಮನೆಯಲ್ಲಿ ಕಿವಿ ಎಂಬ ಹೆಸರು ಬಂದದ್ದೇ ಹಾಗೆ. ನೀನೂ ಎಡಗಡೆ ಕಿವಿ, ಬಲಗಡೆ ಕಿವಿ ಎಂದೇ ಅನ್ನುತ್ತಿದ್ದೆ.

ಆ ವರ್ಷ ನೀನು ಒಂದೇ ಸದ್ದಿನ ಹಿಂದೆ ಬಿದ್ದಿದ್ದೆ. ಅಮ್ಮ ತಲೆ ಬಾಚುವಾಗ ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದಳಂತೆ, ಅದು. ನಿನಗೆ ನೆನಪಿತ್ತು, ನನಗಿರಲಿಲ್ಲ. ತಿಂಗಳುಗಟ್ಟಲೆ ಒಂದೊಂದು ಕಿವಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೂತೆ. ಒಂದು ಮಧ್ಯಾಹ್ನ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸ್ವರ ಒತ್ತಿದೆ. "ಹಿಂಗಿತ್ತು ಕಣೇ, ಚೋಟು. ಹಿಂಗೇ ಇತ್ತು," ಎಂದೆ. ಒಳಗೆ ಅಪ್ಪ ಗದರಲಿಲ್ಲ. ಬಾಗಿಲ ಸಂದಿಯಲ್ಲಿ ನೋಡಿದರೆ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಎಲ್ಲಾ ಬರೆದಿಟ್ಟುಕೋ ಅಕ್ಕ ಎಂದು ನಾನು ಅಂದದ್ದಕ್ಕೆ ನೀನು ನಕ್ಕೆ. ಕಿವಿಗೆ ಗೊತ್ತಿರುವುದನ್ನು ಕಾಗದಕ್ಕೆ ಯಾಕೆ ಹೇಳಬೇಕು ಎಂಬುದು ನಿನ್ನ ಧಿಮಾಕು.

ಅದಾದ ನಾಲ್ಕನೇ ದಿನ. ಮರುದಿನ ಬೆಳಿಗ್ಗೆ, ನಿನ್ನನ್ನು ಸೇರಿಸಿಕೊಳ್ಳಲಿದ್ದ ಒಂದು ನಾಟಕ ತಂಡದ ನಿರ್ದೇಶಕರು ಆ ಸದ್ದು ಕೇಳಲು ಬರುವವರಿದ್ದರು. ನೀನು ವೈರ್ ತರಲು ಪೇಟೆಗೆ ಹೋಗಿದ್ದೆ. ನನಗೆ ಹನ್ನೊಂದು ವರ್ಷ, ಮನೆಗೆ ದೊಡ್ಡವರು ಬರುತ್ತಾರೆಂಬ ಸಂಭ್ರಮ. ಕಿಟಕಿ ಒರೆಸಿದೆ, ಕುರ್ಚಿ ಒರೆಸಿದೆ, ಕೊನೆಗೆ ಪೆಟ್ಟಿಗೆ. ಒದ್ದೆ ಬಟ್ಟೆ ಆಡಿಸುವಾಗ ಕಿವಿಗಳು ಅಲುಗಾಡಿದವು. ನೋಡಿದರೆ ಒಂದರ ಬಿಳಿ ಗೆರೆ ಎಡಕ್ಕೆ, ಒಂದರದು ಬಲಕ್ಕೆ, ಇನ್ನೊಂದರದು ಎತ್ತಲೋ. ನಾನೆಂಥವಳು ನಿನಗೆ ಗೊತ್ತಲ್ಲ, ಚಪ್ಪಲಿ ಸೊಟ್ಟಗಿದ್ದರೂ ಊಟ ಸೇರುತ್ತಿರಲಿಲ್ಲ. ಎಲ್ಲ ಗೆರೆಗಳೂ ನೆಟ್ಟಗೆ ಮೇಲೆ ನೋಡುವಂತೆ ಒಂದೊಂದಾಗಿ ತಿರುಗಿಸಿದೆ, ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ನೀನು ಬಂದು ನೋಡಿ ಖುಷಿಪಡುತ್ತೀ ಅಂದುಕೊಂಡಿದ್ದೆ.

ಒರೆಸಿದವಳು ನಾನು, ಅಕ್ಕ. ಅಪ್ಪ ಅದನ್ನು ಮುಟ್ಟಿಯೂ ಇರಲಿಲ್ಲ.

ನೀನು ಬಂದು ಸ್ವಿಚ್ ಹಾಕಿದೆ, ಅದು ಬಿಸಿಯಾಗುವ ತನಕ ಕಾದೆ, ಕೀಲಿ ಒತ್ತಿದೆ. ಜೀರುಂಡೆಯ ಹಾಗೆ ಕಿರ್ರೆಂದಿತು. ಕೈಗಳನ್ನು ಅಲ್ಲೇ ಬಿಟ್ಟು ನೀನು ನೋಡಿದ್ದು ಅಪ್ಪನ ಕೋಣೆಯ ಬಾಗಿಲನ್ನು. ನನ್ನನ್ನು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಇವತ್ತಿಗೂ ತಿಳಿಯದು. ಅಪ್ಪ ನಿದ್ದೆಗಣ್ಣಲ್ಲಿ ಎದ್ದು ಬಂದ. ಪೆಟ್ಟಿಗೆ ನೋಡಿದ, ನಿನ್ನ ಮುಖ ನೋಡಿದ, ಆಮೇಲೆ ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ನೋಡಿದ. "ಹೌದು. ನಾನೇ ತಿರುವಿದ್ದು. ಏನೀಗ?" ಎಂದ. ನೀನು ಬಹಳ ಮೆಲ್ಲಗೆ, "ಅದ್ರಲ್ಲಿ ಅಮ್ಮ ಇದ್ಲು," ಎಂದೆ. ಅದರ ನಂತರ ನೀನು ಅವನ ಜೊತೆ ಮಾತಾಡಲಿಲ್ಲ. ನಿರ್ದೇಶಕರು ಬಂದರು, ನೀನು ಬೇರೇನೋ ನುಡಿಸಿದೆ, ಅವರು ಮೆಚ್ಚಿಕೊಂಡರು. ವಾರದಲ್ಲಿ ಪೆಟ್ಟಿಗೆ ಹೊತ್ತು ಅವರ ತಂಡಕ್ಕೆ ಹೊರಟುಬಿಟ್ಟೆ. ಹೇಗೂ ನೀನು ಹೋಗುತ್ತಿದ್ದೆ. ಆದರೆ ಇದಾಗದಿದ್ದರೆ ಬಂದು ಹೋಗಿ ಮಾಡುತ್ತಿದ್ದೆ.

ನೀನು ಹೋದ ಸಂಜೆ ನಾನು ಅತ್ತು ರಂಪ ಮಾಡಿದೆ, ಅಕ್ಕನಿಗೆ ಹೇಳುತ್ತೇನೆ ಎಂದೆ. ಅಪ್ಪ ಪಾಳಿಗೆ ಹೊರಡಲು ಶೂ ಕಟ್ಟುತ್ತಿದ್ದ. "ಅವ್ಳಿಗೆ ಈಗ ಯಾರ ಮೇಲಾದ್ರೂ ಸಿಟ್ಟು ಬೇಕೇ ಬೇಕು. ನನ್ ಮೇಲೆ ಇರ್ಲಿ, ನಾನು ತಡ್ಕೋತೀನಿ. ನಾಳೆ ನಾನಿಲ್ದೆ ಹೋದ್ರೆ ನಿಮ್ಗೆ ನೀವಿಬ್ರೇ ತಾನೆ? ನಾನಿರೋ ತನಕ ಬಾಯಿ ಬಿಡ್ಬೇಡ," ಎಂದ. ನಾಲ್ಕು ದಿನಕ್ಕೆ ನೀನು ತಣ್ಣಗಾಗುತ್ತೀ ಎಂದು ಲೆಕ್ಕ ಹಾಕಿದ್ದ ಪಾಪ. ಮಗಳು ತನ್ನ ಹಾಗೇ ಹಟಮಾರಿ ಎಂಬುದನ್ನು ಮರೆತಿದ್ದ.

ಭಾನುವಾರಗಳ ಸಂಗತಿ ನಿನಗೆ ಗೊತ್ತಿಲ್ಲ. ಹತ್ತೂವರೆಗೇ ಗಡ್ಡ ಕೆರೆದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಫೋನಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ನನ್ನ ಕಡೆಯ ಮಾತಷ್ಟೇ ಅವನಿಗೆ ಕೇಳುತ್ತಿದ್ದದ್ದು. ಅದಕ್ಕೇ ನಾನು ನಿನ್ನ ಮಾತನ್ನೆಲ್ಲ ಇನ್ನೊಮ್ಮೆ ಜೋರಾಗಿ ಹೇಳುತ್ತಿದ್ದೆ. ಓ, ಜ್ವರ ಬಿಟ್ಟಿತಾ, ಓ, ಹೊಸ ಮನೆಯಲ್ಲಿ ಗಾಳಿ ಚೆನ್ನಾಗಿದೆಯಾ, ಎಂದು. ನಿನಗೇನು ಕಿವುಡೇನೇ ಎಂದು ನೀನು ಬೈಯುತ್ತಿದ್ದೆ. ಒಂದು ಸಲವೂ ಕೊಡಿಲ್ಲಿ ಎಂದು ಅವನು ಕೈ ಚಾಚಲಿಲ್ಲ. ನೀನು ಇಟ್ಟ ಮೇಲೆ, ದನಿ ಕಟ್ಟಿದ ಹಾಗಿತ್ತಾ ಎಂದು ಕೇಳಿ ಎದ್ದುಹೋಗುತ್ತಿದ್ದ. ಮೂವತ್ತು ವರ್ಷ ಹೀಗೇ ನಡೆಯಿತು.

ಅವನು ತೀರಿಕೊಂಡಾಗ ನೀನು ಬಂದೆ, ಗೇಟಿನ ಹತ್ತಿರ ನಿಂತೆ, ಮುಖ ನೋಡದೆ ಹೋದೆ. ಓಡಿಬಂದು ನಿನ್ನ ತೋಳು ಹಿಡಿದು ಹೇಳಬೇಕಿತ್ತು. ಕೊಟ್ಟ ಮಾತು ಅವತ್ತಿಗೆ ಮುಗಿದಿತ್ತು. ಆದರೂ ಹೇಳಲಿಲ್ಲ. ಅಮ್ಮನಿಲ್ಲ, ಅಪ್ಪನಿಲ್ಲ, ಈ ಭಾನುವಾರದ ಹತ್ತು ನಿಮಿಷವೂ ಹೋದರೆ ಗತಿಯೇನು ಎಂದು ನನ್ನ ಸ್ವಾರ್ಥ. ನೀನು ಅವನ ಮುಖ ನೋಡದೆ ಹೋದದ್ದು ನನ್ನಿಂದ. ಹನ್ನೊಂದರ ವಯಸ್ಸಿನಲ್ಲಿ ಮಾಡಿದ್ದನ್ನು ನೀನು ಕ್ಷಮಿಸಿದರೂ ಕ್ಷಮಿಸೀಯೆ, ನಲವತ್ತೊಂದರಲ್ಲಿ ಮಾಡಿದ್ದಕ್ಕೆ ನನ್ನ ಬಳಿ ನೆಪವಿಲ್ಲ.

ಆ ಮೆಮೊರಿ ಇಲ್ಲದ್ದನ್ನೇ ಕೊಂಡು ತಂದೆ. ನಾನು ಒರೆಸಿದ್ದು ಏನು ಎಂದು ನನಗೆ ಗೊತ್ತಾಗಬೇಕಿತ್ತು. ಮೊದಲ ಹದಿನೈದು ದಿನ ಬಂದದ್ದೆಲ್ಲ ಸೊಳ್ಳೆ, ಕೊಳಾಯಿ, ಹಾರ್ನ್. ಪಕ್ಕದ ಮನೆಯವರು ಗೋಡೆ ತಟ್ಟಿದರು. ಆಮೇಲೆ ಒಂದೊಂದೇ ತಿಳಿಯಿತು. ಫಿಲ್ಟರಿನ ಕಿವಿ ಹಿಂಡಿದರೆ, ಹಾಡುವವರ ಕೋಣೆಯ ಬಾಗಿಲು ಮುಚ್ಚಿದಂತೆ ಸದ್ದು ಮಂಕಾಗುತ್ತದೆ. ಒಂದೇ ಸ್ವರವನ್ನು ಎರಡು ಮಾಡಿ ಒಂದನ್ನು ಕೊಂಚ ಸರಿಸಿದರೆ ಅದಕ್ಕೆ ಉಸಿರು ಬರುತ್ತದೆ. ಇನ್ನೊಂದು ಕಿವಿ ಸ್ವರವನ್ನು ಥಟ್ಟನೆ ಬರಿಸುತ್ತದೆ, ಇಲ್ಲವೇ ಮೆಲ್ಲಗೆ. ಕೆಲಸ ಮುಗಿಸಿ ಬಂದು ದಿನಾ ಒಂದು ಗಂಟೆ ಕೂರುತ್ತೇನೆ. ನಾಲ್ಕು ತಿಂಗಳಾಯಿತು. ನೀನು ಎಷ್ಟು ಹುಡುಕಿದ್ದೆ ಎಂದು ನನ್ನ ಬೆರಳಿಗೆ ಈಗ ಗೊತ್ತು.

ಹೋದ ತಿಂಗಳು ಬಾಯಿ ಮುಚ್ಚಿ ಗುನುಗಿದಂಥ ಒಂದು ಸದ್ದು ಬಂತು. ಕೀಲಿಯಿಂದ ಬೆರಳು ತೆಗೆಯದೆ ಕೇಳುತ್ತ ಕೂತೆ. ಆದರೆ ಅದು ಅವಳೋ, ಯಾವಳೋ ದಾರಿಹೋಕಳೋ, ನನಗೆ ಹೇಗೆ ಗೊತ್ತಾಗಬೇಕು? ಅಮ್ಮನ ದನಿ ಗುರುತಿರುವ ಕಿವಿ ಈಗ ಭೂಮಿಯ ಮೇಲೆ ಒಬ್ಬರಿಗೇ ಇರುವುದು, ಅದು ನಿನಗೆ. ನಿನ್ನ ಪಕ್ಕದಲ್ಲಿ ಕೂತು, ಹಿಂಗಲ್ಲ ಕಣೇ, ಸ್ವಲ್ಪ ಇತ್ತ ತಿರುಗಿಸು ಎಂದು ಅನ್ನಿಸಿಕೊಳ್ಳುವ ಆಸೆ ನನಗೆ ಎಷ್ಟಿದೆಯೆಂದರೆ, ಒಬ್ಬಳೇ ಕೂತಾಗ ನಿನ್ನ ದನಿಯಲ್ಲಿ ನನಗೆ ನಾನೇ ಹಾಗೆ ಹೇಳಿಕೊಳ್ಳುತ್ತೇನೆ.

ಈ ಭಾನುವಾರ ಹನ್ನೊಂದಕ್ಕೆ ಫೋನ್ ಬರದಿದ್ದರೆ ಯಾಕೆಂದು ಕೇಳುವುದಿಲ್ಲ. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಕೇಳುವುದು ಒಂದೇ. ಮೂವತ್ತೆರಡು ವರ್ಷ ಅಪ್ಪನ ಮೇಲೆ ಹೊರಿಸಿದ ಸಿಟ್ಟನ್ನು ಅವನ ಹೆಗಲಿನಿಂದ ಇಳಿಸು. ಅವನು ಹೊತ್ತದ್ದು ಸಾಕು, ಅದು ಅವನದಾಗಿರಲೂ ಇಲ್ಲ. ನನಗೆ ಸೇರಬೇಕಾದದ್ದನ್ನು ನನಗೇ ಕೊಡು, ಚೂರೂ ಉಳಿಸಿಕೊಳ್ಳದೆ ಪೂರ್ತಿ ಕೊಡು. ಆದರೆ ಅಕ್ಕ, ದೂರದಿಂದ ಕೊಡಬೇಡ. ಬೈಯುವುದಾದರೆ ಮನೆಗೆ ಬಂದು ಬೈ.

ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಕಿವಿ ನೂರು ಕಾಲ ಚೆನ್ನಾಗಿರಲಿ.

ನಿನ್ನ ಬೆನ್ನಿಗೆ ಬಿದ್ದವಳು,
ಚೋಟು