ಅಕ್ಕನಿಗೆ ಕೇಳಿದ ಪ್ರಶ್ನೆಗಳು

ವಾಡಿ
೯ ಜೂನ್ ೨೦೨೪, ಭಾನುವಾರ

ಜೈ ಭೀಮ್.

ಮಗಳು ಲುಂಬಿನಿಗೆ ನಿನ್ನ ಚಿಗವ್ವ ಅನಸುಬಾಯಿಯ ಆಶೀರ್ವಾದ. ನೀನೂ ಅಳಿಯ ದೇವಾನಂದರೂ ಸುಖವಾಗಿರುವಿರೆಂದು ನಂಬಿದ್ದೇನೆ. ನಿನ್ನ ಹಾಸ್ಟೆಲಿನ ಹುಡುಗಿಯರೆಲ್ಲ ರಜೆ ಮುಗಿಸಿ ಚಿಂಚೋಳಿಗೆ ಮರಳಿರಬೇಕು. ಈ ಕಾಗದ ಬರೆಯಲು ಎಷ್ಟೋ ಸಲ ಕುಳಿತೆ, ಎದ್ದೆ. ಫೋನ್ ಮಾಡಿದಾಗಲೆಲ್ಲ "ಎಲ್ಲಾ ಆರಾಮ ಅದೀವಿ" ಎಂದು ಇಟ್ಟುಬಿಟ್ಟೆ. ನಿನ್ನ ಅವ್ವ ಪಕ್ಕದಲ್ಲೇ ಕುಳಿತಿರುತ್ತಾಳೆ. ಅವಳ ವಿಷಯವನ್ನು ಅವಳ ಎದುರಿಗೇ ಹೇಳಲು ನನಗೆ ಬಾಯಿ ಬರಲಿಲ್ಲ. ತಡವಾಯಿತೆಂದು ಸಿಟ್ಟು ಬಂದರೆ ಸಿಟ್ಟಾಗು, ಬೇಡ ಎನ್ನುವುದಿಲ್ಲ.

ಚಳಿಗಾಲದಲ್ಲಿ ನಮ್ಮ ಓಣಿಗೆ ರಿಹಾನ ಎಂಬ ಡಾಕ್ಟರಮ್ಮ ಬಂದಿದ್ದಳು. ವಯಸ್ಸಾದವರ ಮರೆವಿನ ರೋಗದ ಬಗ್ಗೆ ಸಂಶೋಧನೆಯಂತೆ. ಇಂಥದ್ದರಲ್ಲಿ ನಮ್ಮಂಥ ಊರುಗಳ ಜನರನ್ನು ಸೇರಿಸುವುದೇ ಇಲ್ಲ, ನೀವೂ ಸೇರಬೇಕು ಎಂದಳು. ಮಹಿಳಾ ಮಂಡಳದ ಅಧ್ಯಕ್ಷೆ ನಾನಲ್ಲವೆ, ಬುದ್ಧ ವಿಹಾರದಲ್ಲಿ ಎಲ್ಲರನ್ನೂ ಸೇರಿಸಿದೆ. ಅವಳು ಪ್ರಶ್ನೆ ಕೇಳತೊಡಗಿದಳು. ಇವತ್ತು ತಾರೀಖು ಎಷ್ಟು, ನೂರರಲ್ಲಿ ಏಳು ಕಳೆದರೆ ಎಷ್ಟು, ಒಂದು ವಾಕ್ಯ ಬರೆಯಿರಿ.

ಯಂಕಮ್ಮ ಪೆನ್ನು ಹಿಡಿದು ನಕ್ಕಳು: "ಬರ್ಯಾಕ ಬಂದಿದ್ರ ನಾ ಯಾಕ ಖಣಿಗಿ ಕಲ್ಲ ಹೊರ್ಲಾಕ ಹೋಗ್ತಿದ್ದೆ, ತಾಯಿ?"

ನಮ್ಮ ಹೆಂಗಸರು ಎಲ್ಲರೂ ತಪ್ಪಿದರು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. "ಮೇಡಂ, ಇದು ಮರವು ಹಿಡಿಯೂ ಪರೀಕ್ಷಾ ಅಲ್ಲ. ಸಾಲಿ ಕಲಿಲಾರದವರನ್ನ ಹಿಡಿಯೂ ಪರೀಕ್ಷಾ."

ಆ ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. "ಖರೇ ಅದರಿ. ಹಂಗಾದ್ರ ಏನ್ ಕೇಳ್ಬೇಕು, ನೀವೇ ಹೇಳ್ರಿ" ಎಂದಳು.

ಮುಂದೆ ಭಾನುವಾರ ಭಾನುವಾರ ವಿಹಾರದಲ್ಲಿ ಕುಳಿತು ನಾವೇ ಪ್ರಶ್ನೆ ಕಟ್ಟಿದೆವು. ಸಂತೆಯಿಂದ ತರಬೇಕಾದ ನಾಲ್ಕು ಸಾಮಾನು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಕೇಳುವುದು. ಇಲ್ಲಿಂದ ಸ್ಟೇಷನ್ನಿಗೆ ಹೇಗೆ ಹೋಗುತ್ತಿ? ಹೆಸರುಕಾಳು, ತೊಗರಿ, ಬಿಳಿಜೋಳ ಇವುಗಳಲ್ಲಿ ಮೊದಲು ಯಾವುದರ ರಾಶಿ, ಆಮೇಲೆ ಯಾವುದು? ಈ ಕೊನೆಯದು ನನ್ನದು. ಹೊಲದ ಮಣ್ಣು ತುಳಿದವರು ಯಾರೂ ಇದನ್ನು ತಪ್ಪಲಾರರು ಎಂದು ಹೇಳಿದ್ದೆ.

ಮನಸ್ಸಿಲ್ಲದವರು ಪರೀಕ್ಷೆಗೆ ಕೂರಬೇಕಾಗಿಲ್ಲ, ಕಾರಣವನ್ನೂ ಹೇಳಬೇಕಾಗಿಲ್ಲ ಎಂಬ ನಿಯಮವಿತ್ತು. ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದವಳು ನಾನೇ.

ಹೊಸ ಪ್ರಶ್ನೆಗಳ ಪರೀಕ್ಷೆಯ ಹಿಂದಿನ ದಿನ ಅಕ್ಕ, ನಿನ್ನ ಅವ್ವ, ರೊಟ್ಟಿ ಬಡಿಯುತ್ತ ಹೇಳಿದಳು: "ಅನಸೂ, ನಾ ಒಲ್ಲೆ. ನಂದು ಬಿಡು."

"ಯಾಕ? ಹಲ್ಲು ಕೀಳ್ತಾರೇನು?"

"ಏನರ ಕೇಳ್ತಾರ. ನಂಗ ಅಂಜಿಕಿ ಬರ್ತದ."

"ನಮ್ಮ ಮನಿದಾಕೀನೇ ಕೂಡ್ಲಿಲ್ಲಂದ್ರ ಓಣ್ಯಾಗ ಯಾರ ಕುಂದರ್ತಾರ? ಸುಮ್ಮ ನಡಿ."

ಮರುದಿನ ಕೈ ಹಿಡಿದು ಕರೆದೊಯ್ದೆ. ಒಳಗಿನ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೇಳೋಣ ಎಂದಳು ರಿಹಾನ. "ನಮ್ಮಲ್ಲಿ ಮುಚ್ಚಿಡೂದು ಏನಿಲ್ಲ" ಎಂದು ನಿನ್ನ ಅವ್ವನನ್ನು ಎಲ್ಲರ ನಡುವೆ ಮೊದಲು ಕೂರಿಸಿದವಳು ನಾನು.

ಸಂತೆಯ ಸಾಮಾನು ಒಂದೂ ನೆನಪಾಗಲಿಲ್ಲ. ನಕ್ಕು ನನ್ನ ಕಡೆ ತಿರುಗಿದಳು. ಸ್ಟೇಷನ್ನಿನ ದಾರಿ ಕೇಳಿದರೆ ಮತ್ತೆ ನನ್ನ ಕಡೆ. ರಾಶಿಯ ಪ್ರಶ್ನೆ ಬಂದಾಗ "ಎಲ್ಲಾ ಅನಸುಗ ಗೊತ್ತದ, ಅಕಿನ್ನ ಕೇಳ್ರಿ" ಎಂದಳು. ನಡುವೆ ಮಾತಾಡಬಾರದೆಂದು ನನಗೆ ಹೇಳಿದ್ದರು. ನಿನ್ನ ಅಪ್ಪ ಹೋದ ಮೇಲೆ ಅವಳು ನನ್ನ ಮನೆಗೆ ಬಂದಾಗಿನಿಂದ ಯಾರು ಏನು ಕೇಳಿದರೂ ಅವಳ ಪರವಾಗಿ ನಾನೇ ಉತ್ತರ ಕೊಟ್ಟಿದ್ದೇನೆ. ಅದಕ್ಕೇ ನನಗೆ ಏನೂ ಕಂಡಿರಲಿಲ್ಲ. ಅಂದು ಮೊದಲ ಸಲ ಸುಮ್ಮನಿದ್ದೆ, ಮತ್ತು ಅವಳಲ್ಲಿ ಉತ್ತರವಿರಲಿಲ್ಲ.

"ಸಾಕ್ರಿ ಇವತ್ತಿಗಿ, ಅವ್ವಾ" ಎಂದು ರಿಹಾನ ಅವಳ ಬೆನ್ನು ಸವರಿ ನಿಲ್ಲಿಸಿದಳು. ಇಷ್ಟರಿಂದಲೇ ರೋಗವೆಂದು ಹೇಳಲಾಗದು, ದೊಡ್ಡ ಡಾಕ್ಟರಿಗೆ ತೋರಿಸಬೇಕು ಎಂದು ಆಮೇಲೆ ನನಗೆ ತಿಳಿಸಿದಳು. ಹಳೆಯ ಪ್ರಶ್ನೆಗಳಾಗಿದ್ದರೆ ಪ್ರಶ್ನೆಯೇ ತಪ್ಪೆಂದು ಜಗಳ ತೆಗೆಯುತ್ತಿದ್ದೆ. ಈಗ ಯಾರ ಮೇಲೆ ತೆಗೆಯಲಿ? ಮೊದಲ ಸಲ ಎಲ್ಲರೂ ತಪ್ಪಿದ್ದಾಗ ಅಕ್ಕನೂ ಅವರಲ್ಲೊಬ್ಬಳಾಗಿದ್ದಳು. ಈ ಸಲ ಯಂಕಮ್ಮನೂ ಗೆದ್ದಳು. ತಪ್ಪಿದವಳು ನಿನ್ನ ಅವ್ವ ಒಬ್ಬಳೇ.

ಓಣಿಗೆ ಅದು ತಿಳಿದುಹೋಯಿತು. ಬುದ್ಧ ಪೂರ್ಣಿಮೆಗೆ ವಿಹಾರದ ಖೀರು ಯಾವಾಗಲೂ ಅವಳ ಕೈಯದೇ. ಈ ಸಲ ಮಂಡಳದ ಹೀರಾಬಾಯಿ ಸೌಟು ತೆಗೆದುಕೊಂಡು "ಅಕ್ಕಾ, ನೀ ಕುಂದ್ರು, ಭಾಳ ದಣದೀದಿ" ಎಂದಳು. ಕೆಟ್ಟ ಮನಸ್ಸಿನಿಂದ ಅಲ್ಲ. ಅಕ್ಕ ಕುಳಿತಳು. ಖೀರು ಇಳಿಸುವವರೆಗೂ ಅವಳ ಬಲಗೈ ಮಡಿಲಲ್ಲಿ ತಿರುವುತ್ತಲೇ ಇತ್ತು.

ರಾವೂರ, ಚಿತ್ತಾಪುರದಲ್ಲೂ ಈಗ ನಮ್ಮ ಪ್ರಶ್ನೆಗಳನ್ನೇ ಕೇಳುತ್ತಿದ್ದಾರಂತೆ. ರಿಹಾನ ಫೋನ್ ಮಾಡಿ ಹೊಗಳಿದಳು. ಕೇಳಿಸಿಕೊಂಡೆ, ಅಷ್ಟೇ.

ನೀನು ಬಾ. ಕಲಬುರಗಿಗೆ ಡಾಕ್ಟರ ಬಳಿ ಕರೆದೊಯ್ಯಬೇಕು. ಸಂಶೋಧನೆಯಲ್ಲಿ ಅವಳು ಮುಂದುವರಿಯಬೇಕೋ ಬೇಡವೋ ಎಂದೂ ಕೇಳುತ್ತಿದ್ದಾರೆ. ಅದನ್ನು ನಾನು ಹೇಳುವುದಿಲ್ಲ. ನೀನು ಅವಳ ಹತ್ತಿರ ಕುಳಿತು ನಿಧಾನವಾಗಿ ವಿಚಾರಿಸು. ಅವಳು ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು.

ನಿನ್ನ ಮನೆಯಲ್ಲಿ ಅನ್ನ, ಅಕ್ಷರ, ಸಮಾಧಾನ ಸದಾ ಇರಲಿ. ಅಳಿಯನಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ಚಿಗವ್ವ
ಅನಸುಬಾಯಿ

ತಾ.ಕ.: ಬರೆಯಬಾರದೆಂದಿದ್ದೆ. ನಿನ್ನೆ ಸಂಜೆ ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು. ತಲೆ ಬಾಚೋಣವೆಂದು ಎಣ್ಣೆ, ಬಾಚಣಿಗೆ ಹಿಡಿದು ಹತ್ತಿರ ಹೋಗಿ ಕುಳಿತೆ. ಅವಳು ಗೋಡೆಗೆ ಸರಿದು ಎರಡೂ ಕೈ ಮುಗಿದಳು. "ಅನಸೂ, ಇವತ್ತ ಏನೂ ಕೇಳಬ್ಯಾಡ ಬೇ" ಎಂದಳು.