ತೋಳಿಗೆ ಕಟ್ಟಿದ ಲಿಂಗ

೧೨ ಫೆಬ್ರುವರಿ ೨೦೨೫, ಬುಧವಾರ. ಉಮರ್ಗಾ, ದವಾಖಾನೆ.

ತೋಳಿಗೆ ಲಿಂಗ ಕಟ್ಟುವ ಈ ಕಥೆಯನ್ನು ನಮಗೆ ಮೊದಲು ಹೇಳಿದವರು ತುರೋರಿ ಮಠದ ಅಯ್ಯನವರು, ನಿನ್ನೆ ಸಂಜೆ ಗುಂಜೋಟಿಯ ನಮ್ಮ ಮನೆಯಲ್ಲಿ, ನನ್ನ ಹೆಂಡತಿ ಸರುಬಾಯಿಯ ಮಂಚದ ಪಕ್ಕ ಕುಳಿತು.

ಸೊಂಟ ಮುರಿದಾಗಿನಿಂದ ಅವಳು ಅಂಗಾತವೇ ಮಲಗಿದ್ದಳು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ನರ್ಸಬಾಯಿ ಹೇಳಿ ಕಳಿಸಿದ್ದಳು. ಇವಳು ಒಪ್ಪಲಿಲ್ಲ. ಮಗ್ಗುಲಾದರೆ ಕೊರಳಿನ ಇಷ್ಟಲಿಂಗ ಜಾರಿ ಹಾಸಿಗೆಗೆ ತಾಗುತ್ತದೆ, ಅದು ಅಪಚಾರ ಎನ್ನುತ್ತಿದ್ದಳು. ತೆಗೆದಿಡು ಎನ್ನಲು ನಮಗೂ ಬಾಯಿ ಬರಲಿಲ್ಲ.

"ಹಾಸಿಗಿ ಹಿಡಿದಾಗ ನಮ್ಮವ್ವನೂ ಹಿಂಗೇ ಹಟ ಮಾಡಿದ್ಲು," ಅಂದರು ಅಯ್ಯನವರು. "ನಮ್ಮಪ್ಪ ಲಿಂಗ ಅರಿವ್ಯಾಗ ಸುತ್ತಿ ಮಗ್ಗಲಾದಾಗ ಮ್ಯಾಲ ಬರೋ ತೋಳಿಗೆ ಕಟ್ಟಿದ. ಹೊರಳಿಸಿದಾಗೊಮ್ಮೆ ತೋಳು ಬದಲಿ. ಶಿವಗೂ ನನ್ನ ಕೂಡ ಹೊರಳೋ ಕೆಲಸ ಹಚ್ಚೀರಿ ಅಂತಿದ್ಲು ಆಕಿ."

ಸರುಬಾಯಿ ನಕ್ಕಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ.

ಇವತ್ತು ಬೆಳಿಗ್ಗೆ ಅವಳೇ ತೋಳು ಚಾಚಿದಳು. ನಾನು ಲಿಂಗ ಕಟ್ಟಿದೆ. ಸೊಸೆ ಮನಿಷಾ ಮೆಲ್ಲಗೆ ಹೊರಳಿಸಿದಳು. ಬೆನ್ನು ಕೆಂಪಾಗಿರಬಹುದು, ಅಷ್ಟೇ ಎಂದುಕೊಂಡಿದ್ದೆವು. ಅಂಟಿದ್ದ ಸೀರೆಯನ್ನು ನೀರು ಹಚ್ಚಿ ಬಿಡಿಸಿದಾಗ ಗಾಯದೊಳಗೆ ಎಲುಬು ಕಂಡಿತು.

"ಭಾಳ ಆಗ್ಯದೇನ್ರೀ?" ಗೋಡೆಗೆ ಮುಖ ಮಾಡಿಕೊಂಡೇ ಕೇಳಿದಳು.

"ಇಲ್ಲ, ಸಣ್ಣದದ," ಅಂದೆ.

"ಹಂಗಂದ್ರ ದಿನಾ ಹೊರಳಿಸ್ರಿ. ನಾ ಇನ್ನ ಬ್ಯಾಡ ಅನ್ನಾಂಗಿಲ್ಲ."

ಮನಿಷಾ ಬಾಯಿಗೆ ಸೆರಗು ಒತ್ತಿಕೊಂಡು ಜೀಪು ಕರೆಯಲು ಓಡಿದಳು. ನಾನು ಸರುಬಾಯಿಯನ್ನು ಹಾಗೇ ಮಗ್ಗುಲಲ್ಲಿ ಹಿಡಿದುಕೊಂಡು ಕುಳಿತೆ.